ನಾಲ್ಕು ಮಂದಿಯೊಳಗಿನ ಬಾಳುವೆ

(ಗಳಿತ ಹಂಗಾಮಿನ ಮೋಳಿಪೂಜೆಯ ದಿನ ಕಾರ್ಖಾನೆಯ ಆವರಣದಲ್ಲಿ ಕೂಡಿದ ಸಭಾಸದರ ಮೇಳಾವದಲ್ಲಿ, ನಿವೃತ್ತ ಕನ್ನಡ ಶಾಲಾ ಶಿಕ್ಷಕರೂ ನಮ್ಮ ಕಬ್ಬು ಬೆಳೆಗಾರ ಸಭಾಸದರೂ ಆದ ಒಬ್ಬರು ಮಾಡಿದ ಭಾಷಣ. ಅಂದು ಹಾಜರಿರಲಾರದ ಸಭಾಸದರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ಪ್ರತಿವರ್ಷ ಈ ವೇದಿಕೆಯ ಮೇಲಿಂದ ಬೀಜದ ಕಬ್ಬಿನ ಬಗ್ಗೆ, ಕುಳೆ ಕಬ್ಬಿನ ಆರೈಕೆಯ ಬಗ್ಗೆ, ಹನಿ ನೀರಾವರಿಯ ಬಗ್ಗೆ ತಿಳಿದವರು ಮಾತಾಡುತ್ತಾರೆ. ನಾವು ಕೆಳಗೆ ಕುಳಿತು ಕೇಳುತ್ತೇವೆ. ಈ ಸಲ ಚೇರಮನ್ನರು ನನ್ನನ್ನು ಕರೆದು, "ಮಾಸ್ತರ, ಕಬ್ಬಿನ ಮಾತು ಹೇಳಾವ್ರು ಭಾಳ ಮಂದಿ ಅದಾರ. ನೀವು ಮನಶ್ಯಾನ ಮಾತು ಹೇಳ್ರಿ" ಎಂದರು. ಒಪ್ಪಿಕೊಂಡೆ. ಆಮೇಲೆ ಮನೆಗೆ ಹೋಗಿ ಯೋಚನೆಗೆ ಬಿದ್ದೆ. ಕಬ್ಬಿಗಾದರೆ ರಿಕವರಿ ಅಳೆಯಲು ನಮ್ಮ ಲ್ಯಾಬೊರೇಟರಿಯಲ್ಲಿ ಯಂತ್ರವಿದೆ, ಮನುಷ್ಯನ ರಸ ಎಷ್ಟು ಗಟ್ಟಿ ಎಂದು ಅಳೆಯುವ ಯಂತ್ರ ಯಾರ ಹತ್ತಿರವೂ ಇಲ್ಲ. ಆದ್ದರಿಂದ ನಾನು ಅಳೆದು ಹೇಳುವುದಿಲ್ಲ, ಕಂಡದ್ದನ್ನು, ಉಂಡದ್ದನ್ನು ಹೇಳುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಭಾಗದ ಹಿರಿಯರಿಗೆ ನೆನಪಿರಬಹುದು, ಮೊದಲು ಎಲ್ಲರ ಮನೆಯೂ ಊರೊಳಗೇ ಇತ್ತು. ಬೆಳಿಗ್ಗೆ ಹೊಲಕ್ಕೆ ಹೋಗುವುದು, ದೀಪ ಹಚ್ಚುವ ಹೊತ್ತಿಗೆ ಊರಿಗೆ ಬರುವುದು. ಕಾರ್ಖಾನೆ ಬಂತು, ನೀರು ಬಂತು, ಮೋಟಾರು ಬಂತು. ರಾತ್ರಿ ಕರೆಂಟಿನ ಕಾಯುವಿಕೆಯಿಂದ ಒಬ್ಬೊಬ್ಬರಾಗಿ ಹೊಲದಲ್ಲೇ ಮನೆ ಕಟ್ಟಿ ವಸ್ತಿ ಮಾಡಿದೆವು. ಒಳ್ಳೆಯದೇ ಆಯಿತು, ದುಡಿಮೆಗೆ ಅನುಕೂಲವಾಯಿತು. ಆದರೆ ಒಂದು ವಸ್ತಿಯಿಂದ ಇನ್ನೊಂದು ವಸ್ತಿಗೆ ನಡುವೆ ಆಳೆತ್ತರದ ಕಬ್ಬು. ಆಷಾಢದಿಂದ ಸುಗ್ಗಿಯವರೆಗೆ ಪಕ್ಕದ ವಸ್ತಿಯ ದೀಪ ಸಹಿತ ಕಾಣುವುದಿಲ್ಲ. ನೆರೆಯವನು ಇದ್ದಾನೋ ಇಲ್ಲವೋ ಎಂಬುದು ಅವನ ಮೋಟಾರಿನ ಸಪ್ಪಳದಿಂದ ತಿಳಿಯಬೇಕು.

ಮೊದಲು ಮುಯ್ಯಾಳು ಇತ್ತು. ಇವತ್ತು ನಿಮ್ಮ ಹೊಲದಲ್ಲಿ ನಮ್ಮ ಮನೆಯ ನಾಲ್ಕು ಆಳು, ನಾಳೆ ನಮ್ಮ ಹೊಲದಲ್ಲಿ ನಿಮ್ಮ ಮನೆಯ ನಾಲ್ಕು ಆಳು. ಪಗಾರ ಇಲ್ಲ, ಲೆಕ್ಕದ ವಹಿ ಇಲ್ಲ, ಆದರೆ ಯಾರೂ ಲೆಕ್ಕ ಮರೆಯುತ್ತಿರಲಿಲ್ಲ. ಬೆಲ್ಲದ ಗಾಣವಿತ್ತು. ಗಾಣ ಹೂಡಿದರೆಂದರೆ ಅದೊಂದು ಮನೆಯ ಕೆಲಸವಲ್ಲ. ಒಬ್ಬ ಎತ್ತು ಹೊಡೆಯಬೇಕು, ಒಬ್ಬ ಕಬ್ಬು ಊಡಬೇಕು, ಒಬ್ಬ ಒಲೆಗೆ ರವದಿ ಹಾಕಬೇಕು, ಇನ್ನು ಪಾಕ ನೋಡುವ ಮುದುಕನೊಬ್ಬ ಕೊಪ್ಪರಿಗೆಯ ಮುಂದೆ ರಾತ್ರಿಯಿಡೀ ಕೂತಿರಬೇಕು. ನಮ್ಮ ಗಾಣದ ಮುದುಕ ಎರಡು ಬೆರಳಿನ ನಡುವೆ ಪಾಕ ಹಿಡಿದು ಎಳೆ ನೋಡಿ, "ಇಳಸ್ರೋ" ಎಂದು ಕೂಗಿದರೆ ನಾಲ್ಕೂ ಕಡೆಯಿಂದ ಮಂದಿ ಓಡಿ ಬಂದು ಕೊಪ್ಪರಿಗೆ ಇಳಿಸಬೇಕು; ಒಂದು ನಿಮಿಷ ತಡವಾದರೆ ಇಡೀ ಪಾಕ ಕರಕು. ದಾರಿಹೋಕನಿಗೂ ಒಂದು ತಂಬಿಗೆ ಹಾಲು, ಅಂದರೆ ಕಬ್ಬಿನ ಹಾಲು, ಮಕ್ಕಳಿಗೆ ಎಲೆಯಲ್ಲಿ ಬಿಸಿ ಕಾಕಂಬಿ. ನಾವು ಹುಡುಗರು ಓದು ಬಿಟ್ಟು ಅಲ್ಲೇ ರವದಿಯ ಮೇಲೆ ಮಲಗುತ್ತಿದ್ದೆವು. ಊರಿನ ಸುದ್ದಿ, ಲಗ್ನದ ಮಾತು, ಜಗಳದ ನಿವಾಡಾ ಎಲ್ಲ ಅಲ್ಲೇ.

ಹೀಗೆ ಹೇಳಿ ಹಳೆಯದೆಲ್ಲ ಚಿನ್ನವಾಗಿತ್ತು ಎನ್ನುವವನು ನಾನಲ್ಲ. ಅದೇ ಗಾಣದಲ್ಲಿ ಕೆಲವು ಮಂದಿ ದೂರ ನಿಂತು, ಬೊಗಸೆ ಒಡ್ಡಿ, ಮೇಲಿಂದ ಹೊಯ್ದ ಹಾಲು ಕುಡಿಯಬೇಕಾಗಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೂಡುವಿಕೆ ಎಲ್ಲರನ್ನೂ ಕೂಡಿಸಿದ್ದಾಗಿರಲಿಲ್ಲ. ಇಂದು ಕಾರ್ಖಾನೆಯ ಕಾಟಾದ ಮೇಲೆ ಯಾರ ಕಬ್ಬಾದರೂ ಒಂದೇ ತೂಕ, ಸಭೆಯಲ್ಲಿ ಹತ್ತು ಶೇರಿನವನಿಗೂ ಒಂದು ಶೇರಿನವನಿಗೂ ಒಂದೇ ಮತ. ಈ ಸಮಾನತೆ ಗಾಣದಲ್ಲಿ ಇರಲಿಲ್ಲ. ಆದರೆ ಗಾಣದಲ್ಲಿ ಇದ್ದ ಒಂದು ವಸ್ತು ನಮ್ಮಲ್ಲಿ ಈಗ ಕಡಿಮೆಯಾಗಿದೆ. ಅದು ಏನೆಂದು ನನ್ನ ಮನೆಯ ಕಥೆಯಿಂದಲೇ ಹೇಳುತ್ತೇನೆ.

ನಮ್ಮದು ಪಾಲಿನ ಬಾವಿ. ನಮ್ಮ ತಂದೆ, ದೊಡ್ಡಪ್ಪ ಇಬ್ಬರೂ ಕೂಡಿ ತೋಡಿಸಿದ್ದು. ಎಂಟಾಣೆ ನಮಗೆ, ಎಂಟಾಣೆ ದೊಡ್ಡಪ್ಪನ ಮಗನಿಗೆ. ನಾಲ್ಕು ದಿನ ನನ್ನ ಪಾಳಿ, ನಾಲ್ಕು ದಿನ ಅವನ ಪಾಳಿ. ನನಗಿಂತ ಆರು ವರ್ಷ ದೊಡ್ಡವನು. ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದ್ದು ಇದೇ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ. 2011ರ ಬೇಸಿಗೆಯಲ್ಲಿ ಒಂದು ರಾತ್ರಿ ಅವನ ಮೋಟಾರು ನನ್ನ ಪಾಳಿಯೊಳಗೆ ಎರಡು ತಾಸು ನಡೆಯಿತು. ನಿದ್ದೆ ಹತ್ತಿತ್ತೆಂದು ಅವನು ಹೇಳಿದ. ಬೇಕೆಂದೇ ಮಾಡಿದೆ ಎಂದು ನಾನು ಹೇಳಿದೆ. ಅದರ ಮೇಲೆ ಮಾತು ಬೆಳೆಯಿತು, ಮಾತಿಗೆ ಹಳೆಯ ಮಾತು ಕೂಡಿತು, ಬದುವಿನ ಬೇವಿನಮರ ಬಂತು, ಅವ್ವನ ಬಂಗಾರ ಬಂತು. ಕೊನೆಗೆ ಪಂಚರು ಕೂತು ಸ್ಟಾಂಪ್ ಕಾಗದದ ಮೇಲೆ ಬರೆಸಿದರು. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಒಂದು ಕೊಡ ನೀರೂ ಎತ್ತತಕ್ಕದ್ದಲ್ಲ, ಮೋಟಾರಿನ ಖೋಲಿಗೆ ಎರಡು ಕೀಲಿ. ಬರೆದುಕೊಟ್ಟವನು ನಾನೇ, ಅಕ್ಷರ ದುಂಡಗಿದೆ ಎಂದು ಪಂಚರು ನನ್ನ ಕೈಯಿಂದಲೇ ಬರೆಸಿದರು.

ಒಂಬತ್ತು ವರ್ಷ ಮಾತಿಲ್ಲ. ಎರಡು ವಸ್ತಿಯ ನಡುವೆ ಕೂಗಳತೆ ದಾರಿ.

2019ರ ಕಾರ್ತಿಕದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಒಬ್ಬ ಮಗ ಪುಣೆಯಲ್ಲಿ, ಮಗಳು ಗಂಡನ ಮನೆಯಲ್ಲಿ. ದಿನಕರ್ಮ ಮುಗಿದ ಮೇಲೆ ಇಬ್ಬರೂ, "ಅಪ್ಪಾ, ನಮ್ಮ ಜೋಡಿ ಬರ್ರಿ" ಎಂದರು. ನಾನು ಒಲ್ಲೆನೆಂದೆ, ಕಬ್ಬು ನಿಂತಿದೆ ಎಂಬ ನೆಪ ಹೇಳಿದೆ. ಅವರು ಹೋದ ಮೇಲೆ ನನ್ನ ದಿನಗಳು ಹೇಗಿದ್ದವು ಎಂಬುದನ್ನು ಇಷ್ಟು ಮಂದಿಯ ಮುಂದೆ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಬೆಳಿಗ್ಗೆ ಏಳಬೇಕೇಕೆ ಎಂದು ತಿಳಿಯುತ್ತಿರಲಿಲ್ಲ. ಒಂದು ಹೊತ್ತು ರೊಟ್ಟಿ ಬಡಿದರೆ ಮೂರು ಹೊತ್ತು ಅದೇ. ಕರೆಂಟು ಬಂದಾಗ ಮೋಟಾರು ಹಚ್ಚುವುದು, ಹೋದಾಗ ಮಲಗುವುದು. ಮೂವತ್ತೊಂದು ವರ್ಷ ಮಕ್ಕಳ ಗದ್ದಲದ ನಡುವೆ ಕಳೆದವನು ನಾನು. ಆಗ ದಿನಕ್ಕೆ ಹತ್ತು ಮಾತೂ ಆಡುತ್ತಿರಲಿಲ್ಲ. ಯಾರಾದರೂ, "ಮಾಸ್ತರ, ಆರಾಮ?" ಎಂದರೆ, "ಆರಾಮ" ಎನ್ನುತ್ತಿದ್ದೆ. ಬಾವಿಯ ದಂಡೆಯ ಮೇಲೆ ಕೂತು ಕೆಳಗೆ ನೋಡಿದ ದಿನಗಳೂ ಇದ್ದವು. ಇಷ್ಟು ಹೇಳಿದರೆ ತಮಗೆ ತಿಳಿಯುತ್ತದೆ.

ಮುಂದೆ 2020ರ ಮಾರ್ಚ್ ಬಂತು. ನಮ್ಮ ಗಟ್ಟಿನಲ್ಲಿ ಹಂಗಾಮ ಮುಗಿಯುತ್ತ ಬಂದಿತ್ತು. ನನ್ನ ಪಡ ಬಿದ್ದ ಹೊಲದಲ್ಲಿ ಜತ್ತ ಕಡೆಯ ಒಂದು ಟೋಳಿ ಗುಡಿಸಲು ಹಾಕಿಕೊಂಡಿತ್ತು. ಹತ್ತು ಕೊಯ್ತಾ. ಒಂದು ಕೊಯ್ತಾ ಎಂದರೆ ಗಂಡ-ಹೆಂಡತಿಯ ಜೋಡಿ ಎಂಬುದು ತಮಗೆ ಗೊತ್ತೇ ಇದೆ. ನಮ್ಮ ಲೆಕ್ಕದಲ್ಲಿ ಇಬ್ಬರು ಮನುಷ್ಯರು ಕೂಡಿ ಒಂದು ಕುಡುಗೋಲು. ಹತ್ತು ಕೊಯ್ತಾ ಎಂದರೆ ಇಪ್ಪತ್ತು ಮಂದಿ, ಮೇಲೆ ಒಂಬತ್ತು ಮಕ್ಕಳು, ಇಬ್ಬರು ಮುದುಕಿಯರು. ಮಾರ್ಚ್ 25ಕ್ಕೆ ದೇಶವೇ ಬಂದಾಯಿತು. ಮುಕಾದಮ್ ಊರಿಗೆ ಹೋದವನು ತಿರುಗಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಹೋಗಬೇಕೆಂದರೆ ಜಿಲ್ಲೆಯ ಗಡಿ ಬಂದ್, ಇರಬೇಕೆಂದರೆ ನೀರಿಲ್ಲ. ಆ ವರ್ಷ ಬೋರು ಬತ್ತಿತ್ತು, ಬಾವಿಯಲ್ಲಿ ತಳದ ನೀರು. ನನ್ನ ಪಾಳಿಯ ನಾಲ್ಕು ದಿನ ಸಿಂಟೆಕ್ಸ್ ತುಂಬಿ ಕೊಟ್ಟೆ. ಐದನೆಯ ದಿನ ಬೆಳಿಗ್ಗೆ ಹತ್ತು ವರ್ಷದ ಒಂದು ಹುಡುಗಿ ಕೊಡ ಹಿಡಿದು ನನ್ನ ಅಂಗಳದಲ್ಲಿ ನಿಂತಳು. "ಅಜ್ಜಾ, ನೀರು ಬಿಡ್ರಿ" ಎಂದಳು.

ಅಂದು ಪಾಳಿ ನನ್ನದಲ್ಲ. ಕಾಗದದಲ್ಲಿ ನಾನೇ ಬರೆದಿದ್ದೇನೆ, ಒಂದು ಕೊಡವೂ ಇಲ್ಲ.

ಮಧ್ಯಾಹ್ನದವರೆಗೆ ಒಳಗೆ ಕೂತೆ. ಆ ಮಕ್ಕಳ ಧ್ವನಿ ಕೇಳುತ್ತಿತ್ತು. ಇಳಿಹೊತ್ತಿಗೆ ಎದ್ದು, ಮೈಮೇಲೆ ಟವೆಲ್ ಹಾಕಿಕೊಂಡು, ಅಣ್ಣನ ವಸ್ತಿಯ ದಾರಿ ಹಿಡಿದೆ. ಒಂಬತ್ತು ವರ್ಷ ತುಳಿಯದ ದಾರಿ, ಹುಲ್ಲು ಬೆಳೆದಿತ್ತು. ಅವನು ಹೊರಸಿನ ಮೇಲೆ ಕೂತಿದ್ದ. ಮುದುಕನಾಗಿದ್ದ, ನಾನೂ ಆಗಿದ್ದೆ ಅನ್ನಿ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಅಣ್ಣಾ, ನೀರು ಬೇಕಾಗ್ಯಾವ. ನನಗಲ್ಲ" ಎಂದಷ್ಟೇ ಅಂದೆ. ಅವನು ನನ್ನ ಮಾರಿ ನೋಡಿದ. ಏನೂ ಅನ್ನದೆ ಎದ್ದು, ಗೂಟದ ಮೇಲಿನ ಕೀಲಿ ತೆಗೆದುಕೊಂಡು ಬಾವಿಯ ಕಡೆ ನಡೆದ. ಮೋಟಾರು ಹಚ್ಚಿ ಬಂದವನು, "ಚಹಾ ಕುಡದು ಹೋಗು" ಎಂದ.

ಚಹಾ ತಂದ ವೈನಿ ಸುಮ್ಮನಿರಲಿಲ್ಲ. ಆಕೆ ನೆಟ್ಟಗೆ ಮಾತಾಡುವ ಹೆಣ್ಣುಮಗಳು. "ನೆಗೆಣ್ಣಿ ಹ್ವಾದಾಗ ನಾವಿಬ್ರೂ ಬಂದು ಬೇವಿನಗಿಡದ ಬುಡಕ ನಿಂತಿದ್ವಿ. ನೀವು ನಮ್ಮ ಕಡೆ ಹೊಳ್ಳಿ ನೋಡ್ಲಿಲ್ಲ. ಮಣ್ಣು ಹಾಕಾಕೂ ನಮ್ಮನ್ನ ಕರೀಲಿಲ್ಲ. ಅದು ನನಗ ಇವತ್ತಿಗೂ ಮರ್ತಿಲ್ಲ" ಎಂದಳು. ನಾನು ಅವರನ್ನು ಕಂಡಿದ್ದೆ. ಕಂಡೂ ಮುಖ ತಿರುಗಿಸಿದ್ದೆ. ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಎರಡು ತಾಸಿನ ನೀರಿಗಾಗಿ ನಾನು ಏನೇನು ಕಳೆದುಕೊಂಡೆ, ನನ್ನ ಹೆಂಡತಿಯಿಂದ ಏನೇನು ಕಳೆಸಿದೆ ಎಂಬ ಲೆಕ್ಕ ಅಂದು ಆಯಿತು. ಅವಳಿಗೆ ಆ ವೈನಿ ಅಕ್ಕನಂತಿದ್ದಳು. ನನ್ನ ಹಟಕ್ಕಾಗಿ ಒಂಬತ್ತು ವರ್ಷ ಮಾತು ಬಿಟ್ಟು ಇದ್ದಳು.

ಏಪ್ರಿಲ್ ಮಧ್ಯದಲ್ಲಿ ಸರಕಾರ ಕಬ್ಬು ಕಡಿಯುವವರಿಗೆ ಊರಿಗೆ ಹೋಗಲು ಅಪ್ಪಣೆ ಕೊಡುವವರೆಗೆ ಆ ಟೋಳಿ ನಮ್ಮಲ್ಲಿತ್ತು. ನೀರು ಇಬ್ಬರ ಪಾಳಿಯದು, ಜೋಳ ನಾಲ್ಕು ವಸ್ತಿಯದು. ಬೆಳಿಗ್ಗೆ ಆ ಒಂಬತ್ತು ಮಕ್ಕಳನ್ನು ಬೇವಿನಗಿಡದ ಕೆಳಗೆ ಕೂಡಿಸಿದೆ. ಕಬ್ಬಿನ ತುಂಡುಗಳಿಂದ ಮಗ್ಗಿ, ನೆಲದ ಮೇಲೆ ಅಕ್ಷರ. ಮೊದಲು ನೀರು ಕೇಳಲು ಬಂದ ಹುಡುಗಿ ತನ್ನ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಹೆಸರಿದ್ದವಳು. ದೀಪಾವಳಿಯ ನಂತರ ಶಾಲೆಯ ಬಾಗಿಲು ಕಂಡಿರಲಿಲ್ಲ. ಓದಲು ಬರುತ್ತಿತ್ತು, ಆದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡುವಳು. ಏಳು ಗಂಟೆಗೆ ನಾನು ಹೊರಗೆ ಬರದಿದ್ದರೆ ಬಂದು ಬಾಗಿಲು ಬಡಿಯುವಳು: "ಅಜ್ಜಾ, ಸಾಲಿ ಹೊತ್ತಾತು." ಅವಳಿಗೆ ಒತ್ತಕ್ಷರ ಬಂತು. ನನಗೆ ಬೆಳಿಗ್ಗೆ ಏಳುವ ಕಾರಣ ಬಂತು. ಯಾರಿಗೆ ಹೆಚ್ಚು ಲಾಭವಾಯಿತು ಎಂದರೆ ನಾನು ನನ್ನ ಹೆಸರನ್ನೇ ಹೇಳುತ್ತೇನೆ.

ಬಂಧುಗಳೇ, ಇದು ನನ್ನೊಬ್ಬನ ಅನುಭವವೆಂದು ತಾವು ಬಿಡಬಾರದು. ವಿಯೆನ್ನಾ ನಗರದಲ್ಲಿ ವಿಕ್ಟರ್ ಫ್ರಾಂಕಲ್ ಎಂಬ ಮನೋವೈದ್ಯರಿದ್ದರು. 1942ರಲ್ಲಿ ನಾಜಿಗಳು ಅವರನ್ನೂ ಅವರ ಮನೆಯವರನ್ನೂ ಯಾತನಾ ಶಿಬಿರಕ್ಕೆ ಅಟ್ಟಿದರು. 1945ರಲ್ಲಿ ಅವರು ಜೀವಂತ ಹೊರಬಂದಾಗ ತಂದೆ, ತಾಯಿ, ಸೋದರ, ಹೆಂಡತಿ ನಾಲ್ವರೂ ಇರಲಿಲ್ಲ. ಮರುವರ್ಷವೇ ಆ ಅನುಭವದ ಮೇಲಿನ ಅವರ ಒಂದು ಪುಸ್ತಕ ಪ್ರಕಟವಾಯಿತು. ಅದರಲ್ಲಿ ಶಿಬಿರದ ಇಬ್ಬರ ಮಾತು ಬರುತ್ತದೆ. ಇಬ್ಬರೂ ಬದುಕಿನಿಂದ ಇನ್ನೇನೂ ಸಿಗುವಂತಿಲ್ಲ ಎಂದು ಸಾಯಲು ಹೊರಟವರು. ಫ್ರಾಂಕಲ್ಲರು ಅವರಿಗೆ ಧೈರ್ಯದ ಮಾತು ಹೇಳಲಿಲ್ಲ. ನಿನ್ನಿಂದ ಯಾರಿಗೆ, ಯಾವುದಕ್ಕೆ ಇನ್ನೂ ಬೇಕಾಗಿದೆ ಎಂಬುದನ್ನು ಅವರಿಂದಲೇ ಹೊರಡಿಸಿದರು. ಒಬ್ಬನಿಗೆ ಪರದೇಶದಲ್ಲಿ ಕಾಯುತ್ತಿದ್ದ ಮಗು ಇತ್ತು. ಇನ್ನೊಬ್ಬನು ವಿಜ್ಞಾನಿ, ಅವನು ಬರೆಯುತ್ತಿದ್ದ ಪುಸ್ತಕಗಳು ಅರ್ಧಕ್ಕೆ ನಿಂತಿದ್ದವು, ಬೇರೆಯವರು ಪೂರೈಸುವಂತಿರಲಿಲ್ಲ. ತನಗಾಗಿ ಕಾಯುವುದೊಂದು ಇದೆ ಎಂದು ತಿಳಿದವನು ಪ್ರಾಣ ಚೆಲ್ಲಲಾರ ಎಂಬುದು ಅವರು ಕಂಡ ಸಂಗತಿ. ನನಗೆ ಮಗುವೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ, ಬಾಗಿಲು ಬಡಿಯುವ ಒಬ್ಬ ಹುಡುಗಿ ಇದ್ದಳು. ಅಷ್ಟೇ ಸಾಕಾಯಿತು.

ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದವರು 1938ರಲ್ಲಿ ತಮ್ಮ ಕಾಲೇಜಿನ ಹುಡುಗರನ್ನು ಆರಿಸಿ, ಅವರ ಬದುಕನ್ನು ವರ್ಷವರ್ಷವೂ ಗಮನಿಸಲು ಆರಂಭಿಸಿದರು. ಮುಂದೆ ಬೋಸ್ಟನ್ ಊರಿನ ಬಡ ಓಣಿಗಳ ಹುಡುಗರೂ ಆ ಅಭ್ಯಾಸದೊಳಗೆ ಬಂದರು. ಒಟ್ಟು 724 ಮಂದಿ. ಹುಡುಗರು ಮುದುಕರಾಗಿ ಸಾಯುವವರೆಗೂ ಅಭ್ಯಾಸ ನಡೆಯಿತು, ಅವರ ಮಕ್ಕಳ ಮೇಲೆ ಇನ್ನೂ ಮುಂದುವರಿದಿದೆ. ಐವತ್ತರ ವಯಸ್ಸಿನಲ್ಲಿ ಮನೆಮಂದಿ, ಗೆಳೆಯರೊಂದಿಗೆ ಯಾರ ಸಂಬಂಧ ಚೆನ್ನಾಗಿತ್ತೋ ಅವರೇ ಎಂಬತ್ತರಲ್ಲಿ ಹೆಚ್ಚು ಗಟ್ಟಿಮುಟ್ಟಾಗಿದ್ದರಂತೆ. ಮುಂದಿನ ಆರೋಗ್ಯವನ್ನು ರಕ್ತದ ಕೊಲೆಸ್ಟರಾಲಿಗಿಂತ ಇದೇ ಚೆನ್ನಾಗಿ ಹೇಳಿತಂತೆ. ಜಾಗತಿಕ ಆರೋಗ್ಯ ಸಂಸ್ಥೆ 2023ರಲ್ಲಿ ಈ ವಿಷಯಕ್ಕೆಂದೇ ಒಂದು ಆಯೋಗ ನೇಮಿಸಿತು. 2025ರಲ್ಲಿ ಅದು ಕೊಟ್ಟ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬನಿಗೆ ಒಂಟಿತನದ ಬಾಧೆ. ಅಂದರೆ ಇದು ಪಟ್ಟಣದ ದೊಡ್ಡ ಮಂದಿಯ ಚೈನಿಯ ಬೇನೆಯಲ್ಲ. ಈ ಮಂಡಪದಲ್ಲಿ ಆರಾರು ಮಂದಿ ಎಣಿಸುತ್ತ ಹೋಗಿರಿ.

ಈಗ ಸಹಕಾರದ ಮಾತಿಗೆ ಬರುತ್ತೇನೆ, ಇಲ್ಲವಾದರೆ ಚೇರಮನ್ನರು ಮುಂದಿನ ಸಲ ಕರೆಯಲಿಕ್ಕಿಲ್ಲ. ಸಹಕಾರವೆಂದರೆ ನಮಗೆ ಈಗ ಬಿಲ್ಲು, ದರ, ಚುನಾವಣೆ. ಅವೂ ಬೇಕು, ಕಬ್ಬು ಬೆಳೆದವನಿಗೆ ವೇಳೆಗೆ ಬಿಲ್ಲು ಸಿಗದಿದ್ದರೆ ಪ್ರೀತಿಯ ಮಾತು ಹೊಟ್ಟೆ ತುಂಬಿಸುವುದಿಲ್ಲ. ಆದರೆ ಮೂಲ ನೋಡಬೇಕು. ಇಂಗ್ಲೆಂಡಿನ ರಾಚಡೇಲ್ ಊರಿನಲ್ಲಿ 1844ರ ಡಿಸೆಂಬರ್ 21ಕ್ಕೆ ಇಪ್ಪತ್ತೆಂಟು ಮಂದಿ ಕೂಡಿ ಒಂದು ಅಂಗಡಿ ತೆರೆದರು. ಅವರಲ್ಲಿ ನೇಕಾರರೂ ಇದ್ದರು. ಬಂಡವಾಳ ಇಪ್ಪತ್ತೆಂಟು ಪೌಂಡು. ಇಟ್ಟದ್ದು ಹಿಟ್ಟು, ಬೆಣ್ಣೆ, ಮೇಣದಬತ್ತಿ ಮತ್ತು, ನಾವು ಹಿಗ್ಗಬಹುದಾದ ಸಂಗತಿ, ಸಕ್ಕರೆ. ಮುಂದೆ ಅದೇ ಅಂಗಡಿಯವರು ವಾಚನಾಲಯ ತೆರೆದರು, ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲು ಸಭಾಸದರ ಶಿಕ್ಷಣಕ್ಕೆ ಎತ್ತಿಟ್ಟರು.

ನಮ್ಮ ಕಡೆ 1904ರಲ್ಲಿ ಸಹಕಾರಿ ಪತ್ತಿನ ಕಾಯ್ದೆ ಬಂತು. ಮರುವರ್ಷ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಆಗ ಅದೂ ನಮ್ಮ ಸೋಲಾಪುರದಂತೆಯೇ ಮುಂಬಯಿ ಇಲಾಖೆಯೊಳಗಿನ ಊರು. ಆ ಕಾಲದ ಹಳ್ಳಿಯ ಸಂಘಗಳ ಒಂದು ನಿಯಮ ಇಂದಿನವರಿಗೆ ಆಶ್ಚರ್ಯ ತರಬಹುದು. ಅವುಗಳ ಹೊಣೆ ಮಿತಿಯಿಲ್ಲದ್ದು. ಅಂದರೆ ಸಂಘ ಮುಳುಗಿದರೆ ಸಭಾಸದನು ತನ್ನ ಶೇರಿನಷ್ಟಕ್ಕೇ ತಪ್ಪಿಸಿಕೊಳ್ಳುವಂತಿಲ್ಲ. ಒಬ್ಬನ ಸಾಲಕ್ಕೆ ಎಲ್ಲರ ಹೊಲ-ಮನೆಯೂ ಜಾಮೀನು. ಹೀಗಿದ್ದ ಮೇಲೆ ನೆರೆಯವನ ಎತ್ತಿನ ಕಾಲು ಕುಂಟಿತೇ, ಮನೆಯಲ್ಲಿ ಬೇನೆಯಿದೆಯೇ, ಅವನು ಕುಡಿತಕ್ಕೆ ಬಿದ್ದನೇ ಎಂಬುದನ್ನು ಪ್ರತಿಯೊಬ್ಬನೂ ತಿಳಿದುಕೊಳ್ಳಲೇಬೇಕಾಗಿತ್ತು. ಅವನ ಕಷ್ಟ ನನ್ನ ಕಷ್ಟ ಎಂಬುದು ಅಲ್ಲಿ ಕೀರ್ತನದ ಮಾತಲ್ಲ, ಕಾಗದದ ಮೇಲಿನ ಕರಾರು. 1950ರಲ್ಲಿ ನಗರ ಜಿಲ್ಲೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಊರೂರು ತಿರುಗಿ ಶೇರು ಕೂಡಿಸಿ, ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರ ಬೆಂಬಲದಿಂದ ಪ್ರವರಾ ಕಾರ್ಖಾನೆಯನ್ನು ನಡೆಸಿದಾಗಲೂ, ರೈತನು ಶೇರಿನ ಹಣ ಕೊಟ್ಟದ್ದು ಯಂತ್ರ ನೋಡಿ ಅಲ್ಲ. ಯಂತ್ರ ಇನ್ನೂ ಬಂದಿರಲಿಲ್ಲ. ಮನೆಗೆ ಬಂದು ಕೂತವನ ಮಾರಿ ನೋಡಿ ಕೊಟ್ಟ. ಹೊಣೆ ಮಿತಿಗೊಳಪಟ್ಟದ್ದು ಒಳ್ಳೆಯದಾಯಿತು, ಹೊಲ ಉಳಿದವು. ಆದರೆ ಅದರ ಜೋಡಿ ನಮ್ಮ ವಿಚಾರಣೆಯೂ ಮಿತಿಗೊಳಪಟ್ಟಿತೇನೋ ಎಂದು ನನಗೆ ಸಂಶಯ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಜಿಲ್ಲೆಯ ಪಂಢರಪುರಕ್ಕೆ ಆಷಾಢದ ವಾರಿ ಬರುತ್ತದೆ. ತಮ್ಮಲ್ಲಿ ಎಷ್ಟೋ ಮಂದಿ ನಡೆದವರಿದ್ದೀರಿ. ನಾನು ಒಂದೇ ಸಲ, 2022ರಲ್ಲಿ, ಅಣ್ಣನ ಜೊತೆ ನಡೆದೆ. ಎರಡು ವರ್ಷ ಕೊರೋನಾದಿಂದ ಕಾಲ್ನಡಿಗೆಯ ವಾರಿ ನಿಂತು ಆ ವರ್ಷ ಮತ್ತೆ ಹೊರಟಿತ್ತು. ಅಲ್ಲಿಯ ದೇವರ ಮಾತು ನಾನು ಹೇಳುವುದಿಲ್ಲ, ಅದು ಅವರವರ ಭಾವಕ್ಕೆ ಬಿಟ್ಟದ್ದು. ಒಂದು ಪದ್ಧತಿಯ ಮಾತು ಹೇಳುತ್ತೇನೆ. ಆಳಂದಿಯಿಂದ ಬರುವ ಜ್ಞಾನೇಶ್ವರರ ಪಾಲಖಿ ರಾತ್ರಿಯ ತಳ ಮುಟ್ಟಿದಾಗ ಎಲ್ಲ ದಿಂಡಿಗಳೂ ಸುತ್ತ ನಿಲ್ಲುತ್ತವೆ. ಸಾವಿರಾರು ತಾಳಗಳು ಒಂದೇ ಸಮನೆ ಬಡಿಯುತ್ತಿರುತ್ತವೆ. ಚೋಪದಾರನು ತನ್ನ ಬೆಳ್ಳಿಯ ದಂಡ ಮೇಲೆತ್ತುತ್ತಾನೆ. ಒಮ್ಮೆಲೇ ಎಲ್ಲ ತಾಳ ನಿಲ್ಲುತ್ತವೆ. ಆದರೆ ಯಾವ ದಿಂಡಿಗೆ ಏನಾದರೂ ತಕರಾರಿದೆಯೋ, ನೀರು ಸಿಗಲಿಲ್ಲವೋ, ಸಾಲಿನಲ್ಲಿ ಜಾಗ ತಪ್ಪಿತೋ, ಆ ದಿಂಡಿ ಮಾತ್ರ ತಾಳ ನಿಲ್ಲಿಸುವುದಿಲ್ಲ. ಅಷ್ಟು ಮಂದಿಯ ಮೌನದೊಳಗೆ ಅದೊಂದರ ಸಪ್ಪಳ ಕೇಳುತ್ತದೆ. ಚೋಪದಾರನು ಅಲ್ಲಿಗೇ ನಡೆದು ಹೋಗಿ, ಏನೆಂದು ಕೇಳಿ, ಪರಿಹಾರ ಮಾಡುತ್ತಾನೆ. ಕಳೆದ ವಸ್ತು, ಸಿಕ್ಕ ವಸ್ತುಗಳನ್ನೂ ಅಲ್ಲಿಯೇ ಸಾರುತ್ತಾರೆ. ಆಮೇಲೆಯೇ ಆರತಿ.

ಅದನ್ನು ಕಂಡು ನಾನು ಅಲ್ಲಿಯೇ ಕೂತುಬಿಟ್ಟೆ. ನಾವು ಮಾಡುವುದು ಇದರ ತಿರುಗುಮುರುಗು ಅಲ್ಲವೇ? ಸುಖದಲ್ಲಿರುವವನು ಡಿಜೆ ಹಚ್ಚಿ ಹತ್ತು ಊರಿಗೆ ಕೇಳಿಸುತ್ತಾನೆ, ಕಷ್ಟದಲ್ಲಿರುವವನು ತಾಳ ನಿಲ್ಲಿಸಿಬಿಡುತ್ತಾನೆ. ನಾನು ನಿಲ್ಲಿಸಿದ್ದೆ. ಮರಾಠವಾಡಾ, ವಿದರ್ಭಗಳ ಎಷ್ಟೋ ರೈತರು ನಿಲ್ಲಿಸಿದರು, ಮರುದಿನ ಪತ್ರಿಕೆಯಲ್ಲಿ ಅವರ ಸುದ್ದಿ ಬಂತು. ಸಾಲವಿತ್ತು, ಮಳೆ ಕೈಕೊಟ್ಟಿತ್ತು, ದರ ಬಿದ್ದಿತ್ತು. ಆ ಕಾರಣಗಳನ್ನು ನಾನು ಹಗುರ ಮಾಡುವುದಿಲ್ಲ, ಅವಕ್ಕೆ ಪರಿಹಾರ ಸರಕಾರದಿಂದ, ಬ್ಯಾಂಕಿನಿಂದ ಬರಬೇಕು, ಬರಿಯ ಸಾಂತ್ವನದಿಂದ ಅಲ್ಲ. ಆದರೆ ಆ ರಾತ್ರಿ ದಾಟಿಸಲು ಒಬ್ಬ ಮನುಷ್ಯ ಬೇಕು. ಯಾರೂ ಸಿಗದಿದ್ದರೆ ಭಾರತ ಸರಕಾರದ ಟೆಲಿ ಮಾನಸ್ ಎಂಬ ಫೋನ್ ಸೇವೆ ಇದೆ, 2022ರಿಂದ ನಡೆದಿದೆ, 14416 ಒತ್ತಿದರೆ ಹಗಲು-ರಾತ್ರಿ ಮಾತಾಡುವವರಿದ್ದಾರೆ, ಕಾಸು ಬೀಳುವುದಿಲ್ಲ. ಈ ನಂಬರನ್ನು ಬುಲೆಟಿನ್ನಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಸಂಪಾದಕರಲ್ಲಿ ವಿನಂತಿ. ಮೋಟಾರಿನ ಖೋಲಿಯ ಗೋಡೆಯ ಮೇಲೆ ಸುಣ್ಣದಿಂದ ಬರೆದರೂ ನಡೆದೀತು.

ಹಾಗೆಯೇ ಗಟ್ ಆಫೀಸಿನವರಲ್ಲಿ ಒಂದು ಮಾತು. ಈ ವಾರ ಟೋಳಿಗಳು ಬರುತ್ತಿವೆ. ಎಷ್ಟು ಕೊಯ್ತಾ ಎಂಬುದು ನಮ್ಮ ಹತ್ತಿರ ಬರೆದಿರುತ್ತದೆ. ಎಷ್ಟು ಮಕ್ಕಳು, ಯಾವ ಇಯತ್ತೆ, ಕನ್ನಡವೋ ಮರಾಠಿಯೋ ಎಂಬುದನ್ನೂ ಬರೆದುಕೊಂಡರೆ ನಮ್ಮಂಥ ಕೆಲಸವಿಲ್ಲದ ಮಾಸ್ತರರಿಗೆ ಕೆಲಸ ಸಿಗುತ್ತದೆ. ಈ ತಾಲೂಕಿನಲ್ಲಿ ನಿವೃತ್ತರಾದ ಕನ್ನಡ ಶಾಲೆಯ ಶಿಕ್ಷಕರು ಒಬ್ಬಿಬ್ಬರಲ್ಲ. ನಾಲ್ಕು ಜನರ ಜೊತೆ ಮಾತಾಡಿದ್ದೇನೆ, ಮೂವರು ಒಪ್ಪಿದ್ದಾರೆ, ನಾಲ್ಕನೆಯವರು ಮಂಡಿನೋವು ಎಂದರು. ಅವರ ವಸ್ತಿಗೇ ಮಕ್ಕಳನ್ನು ಕಳಿಸೋಣ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ನಾವು ಕೂತು ಉಣ್ಣುತ್ತೇವೆ, ಭಜ್ಜಿ, ಸಜ್ಜೆಯ ಕಡಬು, ಅಂಬಲಿ. ಅದೇ ಹೊಲದ ಇನ್ನೊಂದು ತುದಿಯಲ್ಲಿ ಟೋಳಿಯವರು ಮೋಳಿ ಹೊರುತ್ತಿರುತ್ತಾರೆ. ಹೋದ ವರ್ಷ ನಾವು ಅಣ್ಣತಮ್ಮಂದಿರು ಅವರನ್ನೂ ಕರೆದೆವು. ಮೊದಲು ಸಂಕೋಚಪಟ್ಟರು. ಕೂತ ಮೇಲೆ ಅವರಲ್ಲೊಬ್ಬ ಮುದುಕಿ ನಮ್ಮ ವೈನಿಯ ಭಜ್ಜಿಗೆ ಉಪ್ಪು ಕಡಿಮೆ ಎಂದಳು. ವೈನಿ ನಕ್ಕಳು, ಅವಳ ಅಡಿಗೆಗೆ ಹೆಸರಿಡುವ ಧೈರ್ಯ ನಮ್ಮ ಮನೆತನದಲ್ಲಿ ಈವರೆಗೆ ಯಾರಿಗೂ ಇರಲಿಲ್ಲ.

ಆ ಹುಡುಗಿಯ ಮಾತು ಕೆಲವರು ಕೇಳುತ್ತಾರೆ. 2021ರ ಹಂಗಾಮಿಗೆ ಆ ಟೋಳಿ ಬೇರೆ ಕಾರ್ಖಾನೆಗೆ ಹೋಯಿತು. ಎರಡು ಸಲ ಅವಳ ತಂದೆಯ ಫೋನಿನಿಂದ ಮಾತಾಡಿದಳು, ಆಮೇಲೆ ನಂಬರ್ ಬದಲಾಯಿತು. ಓದುತ್ತಿದ್ದಾಳೋ, ಲಗ್ನವಾಯಿತೋ ತಿಳಿಯದು. ಜತ್ತ ಕಡೆಯ ಸಭಾಸದರು ಇಲ್ಲಿದ್ದರೆ ಭಾಷಣ ಮುಗಿದ ಮೇಲೆ ನನ್ನನ್ನು ಕಾಣಿರಿ, ಊರಿನ ಹೆಸರು ನನ್ನ ಹತ್ತಿರ ಇದೆ.

ಹೊತ್ತಾಯಿತು. ಬಾವಿಯ ಆ ಕಾಗದ ಇನ್ನೂ ನನ್ನ ಟ್ರಂಕಿನಲ್ಲಿದೆ, ಹರಿದು ಹಾಕು ಎಂದರೆ ಅಣ್ಣ ಒಲ್ಲನೆನ್ನುತ್ತಾನೆ, ಇರಲಿ, ನಿನ್ನ ಅಕ್ಷರ ಚಲೋ ಅದಾವ ಎನ್ನುತ್ತಾನೆ. ಅವನು ಅಲ್ಲಿ ಮೂರನೆಯ ಸಾಲಿನಲ್ಲಿ ಕೂತು ಆಗಿನಿಂದ ಗಡಿಯಾರ ತೋರಿಸುತ್ತಿದ್ದಾನೆ. ನಮ್ಮ ಫೀಡರಿಗೆ ಈ ವಾರ ರಾತ್ರಿಯ ಕರೆಂಟು. ಪಾಳಿ ಅವನದು, ಆದರೆ ಅವನಿಗೆ ಈಗ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ, ಮೋಟಾರು ನಾನೇ ಹಚ್ಚಬೇಕು.